ಪತ್ತಾಯದ ಹಲಗೆ, ಫ್ಲ್ಯಾಟಿನ ಮೇಜು

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ)



ನಾನು ಬಡಗಿಯಲ್ಲ. ಬಡಗಿಗಳ ಮನೆತನದವನೂ ಅಲ್ಲ. ಮುಂಬಯಿಯ ಒಂದು ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಲೆಡ್ಜರು ಬರೆದು, ಆಮೇಲೆ ಕಂಪ್ಯೂಟರಿನ ಗುಂಡಿ ಒತ್ತಿ, 2017ರಲ್ಲಿ ನಿವೃತ್ತನಾದವನು. ಇಂಥವನು ಮರಗೆಲಸದ ಬಗ್ಗೆ ಮಾತಾಡುವುದು ನಗೆಪಾಟಲು ಎಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ. ನನ್ನ ಹೆಂಡತಿಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಬಲ್ಲವರು ಹೇಳುವುದು ಒಂದು ಬಗೆ, ಕೆಡಿಸಿಕೊಂಡವರು ಹೇಳುವುದು ಇನ್ನೊಂದು ಬಗೆ. ನಾನು ಎರಡನೆಯ ಸಾಲಿನವನು. ಇವತ್ತು ಕೆಡಿಸಿದ ಕತೆಯನ್ನೂ, ಅದರಿಂದ ಕಲಿತದ್ದನ್ನೂ ಹೇಳುತ್ತೇನೆ. ಮನೆಯಲ್ಲೇ ಒಂದು ಮಣೆಯನ್ನೋ ಸ್ಟೂಲನ್ನೋ ಮಾಡಿ ನೋಡೋಣ ಎನ್ನುವ ಆಸೆ ಇರುವವರಿಗೆ ಉಪಯೋಗವಾದೀತು.

ನಮ್ಮೂರು ಕಾರ್ಕಳದ ಹತ್ತಿರ. ಅಮ್ಮ ತೀರಿಕೊಂಡ ಎರಡು ವರ್ಷಕ್ಕೆ ಮನೆ ಪಾಲಾಯಿತು. ಹಳೆಯ ಮನೆಯನ್ನು ಕೆಡವುವುದು ಎಂದು ತೀರ್ಮಾನವಾಯಿತು. ಪಾತ್ರೆ ಪಗಡಿಗೆ, ತಾಮ್ರದ ಹಂಡೆಗೆ, ಬಾಗಿಲುಗಳಿಗೆ ಕೇಳುವವರಿದ್ದರು. ಚಾವಡಿಯ ಪಕ್ಕದ ಕತ್ತಲೆ ಕೋಣೆಯಲ್ಲಿದ್ದ ಪತ್ತಾಯವನ್ನು ಯಾರೂ ಕೇಳಲಿಲ್ಲ. ಪತ್ತಾಯ ಅಂದರೆ ಏನು ಎಂದು ಬಯಲುಸೀಮೆಯ ಕೇಳುಗರಿಗೆ ಹೇಳಬೇಕು. ಭತ್ತ, ಅಕ್ಕಿ ತುಂಬಿಡುವ ಮರದ ದೊಡ್ಡ ಪೆಟ್ಟಿಗೆ ಅದು. ನಮ್ಮದು ಹಲಸಿನ ಮರದ್ದು. ನಿಂತರೆ ಎದೆಯೆತ್ತರ. ಅದನ್ನು ಡೊಂಬಿವಲಿಯ ನನ್ನ ಎರಡು ಕೋಣೆಯ ಫ್ಲ್ಯಾಟಿಗೆ ತಂದರೆ ಒಂದೋ ಪತ್ತಾಯ ಇರಬೇಕು, ಇಲ್ಲವೇ ನಾವು ಇರಬೇಕು.

ಆದರೂ ಬಿಟ್ಟುಬರಲು ಮನಸ್ಸಾಗಲಿಲ್ಲ. ಅದರ ಮುಚ್ಚಳದ ಒಳಮೈಯಲ್ಲಿ ಅಮ್ಮನ ಲೆಕ್ಕವಿತ್ತು. ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಒಳಗೆ ಹೋದ ಒಂದೊಂದು ಮುಡಿಗೆ ಇದ್ದಲಿನಿಂದ ಒಂದೊಂದು ಗೆರೆ ಎಳೆಯುತ್ತಿದ್ದಳು. ನಾನು ಎಣಿಸಿದಾಗ ಮೂವತ್ತೊಂದು ಗೆರೆಗಳಿದ್ದವು. ಯಾವ ವರ್ಷದ್ದೋ ಗೊತ್ತಿಲ್ಲ. ಮೂವತ್ತನಾಲ್ಕು ವರ್ಷ ಲೆಕ್ಕ ಬರೆದ ಮಗನಿಗೆ ತಾಯಿಯ ಲೆಕ್ಕಪುಸ್ತಕವನ್ನು ಒಲೆಗೆ ಹಾಕಲು ಕೈ ಬರಲಿಲ್ಲ. ಪತ್ತಾಯವನ್ನು ಬಿಚ್ಚಿ, ಒಳ್ಳೆಯ ಹಲಗೆಗಳನ್ನು ಮಾತ್ರ ಗೋಣಿಯಲ್ಲಿ ಸುತ್ತಿ ಲಾರಿ ಪಾರ್ಸೆಲಿನಲ್ಲಿ ಮುಂಬಯಿಗೆ ಕಳಿಸಿದೆ. ಮೊಮ್ಮಗಳಿಗೆ ಓದಲು ಒಂದು ಮೇಜು ಮಾಡುವುದು, ಅದೂ ನನ್ನ ಕೈಯಿಂದಲೇ ಮಾಡುವುದು ಎಂದು ಸಂಕಲ್ಪ ಮಾಡಿದೆ. ಅಣ್ಣ ಒಂದೇ ಮಾತು ಹೇಳಿದ: 'ಮಾಡುವುದಾದರೆ ಚಂದ ಮಾಡು. ಇಲ್ಲದಿದ್ದರೆ ಇಲ್ಲೇ ಇರಲಿ.'

ಪತ್ತಾಯ ಬಿಚ್ಚುವಾಗ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ನಾಲ್ಕು ಮೂಲೆಗೆ ನಾಲ್ಕು ಕಂಬ. ಕಂಬದಲ್ಲಿ ಉದ್ದಕ್ಕೂ ಕೊರೆದ ಕಾಲುವೆ. ಹಲಗೆಗಳು ಆ ಕಾಲುವೆಗೆ ಜಾರಿಬಿಟ್ಟ ಹಾಗೆ ಕೂತಿದ್ದವು. ಒಂದು ಮೊಳೆಯಿಲ್ಲ, ಅಂಟಿಲ್ಲ. ಮೇಲಿನಿಂದ ಒಂದೊಂದಾಗಿ ಎತ್ತಿದರೆ ಬಂದವು. 'ಆಗಿನವರಿಗೆ ಮೊಳೆಗೆ ದುಡ್ಡಿರಲಿಲ್ಲ' ಎಂದು ನಾನು ನಕ್ಕಿದ್ದೆ. ಈ ನಗುವನ್ನು ನೀವು ನೆನಪಿಟ್ಟುಕೊಳ್ಳಿ. ಮುಂದೆ ಅದರ ಬೆಲೆ ತೆತ್ತೆ.

2018ರ ಆಗಸ್ಟ್. ಹೊರಗೆ ಧೋ ಎಂದು ಮಳೆ. ನಾನು ಬಾಲ್ಕನಿಯಲ್ಲಿ ಮೂರು ಹಲಗೆಗಳನ್ನು ಅಂಚಿಗೆ ಅಂಚು ಸೇರಿಸಿ ಅಂಟಿಸಿದೆ. 22 ಇಂಚು ಅಗಲ, 42 ಇಂಚು ಉದ್ದ. ಅಮ್ಮನ ಗೆರೆಗಳಿದ್ದ ಹಲಗೆ ನಡುವೆ ಬಂತು, ಗೆರೆಗಳು ಕೆಳಮೈಗೆ. ಹಲಗೆ ಬಾಗಬಾರದು, ಗಟ್ಟಿಯಾಗಿರಲಿ ಎಂದು ಅಡಿಯಲ್ಲಿ ಎರಡು ಅಡ್ಡಪಟ್ಟಿಗಳನ್ನು ಇಟ್ಟು, ಉದ್ದಕ್ಕೂ ಅಂಟು ಬಳಿದು, ಮೇಲಿಂದ ಸಾಲಾಗಿ ಸ್ಕ್ರೂ ಬಿಗಿದೆ. ಆನೆ ನಿಂತರೂ ಅಲುಗದು ಎಂಬ ಧೈರ್ಯ. ನೋಡಿದವರೆಲ್ಲ ಹೊಗಳಿದರು. ಫೋಟೊ ತೆಗೆದು ಅಣ್ಣನಿಗೂ ಕಳಿಸಿದೆ.

2019ರ ಜನವರಿಯ ಒಂದು ರಾತ್ರಿ ಫಟ್ ಎಂದು ಸದ್ದಾಯಿತು. ಅಡುಗೆಮನೆಯಲ್ಲಿ ಪಾತ್ರೆ ಬಿತ್ತು ಎಂದುಕೊಂಡೆವು. ಬೆಳಿಗ್ಗೆ ನೋಡಿದರೆ ಮೇಜಿನ ನಡುವೆ, ಈ ತುದಿಯಿಂದ ಮುಕ್ಕಾಲು ಭಾಗದವರೆಗೆ ಸೀಳು. ಅಂಟಿಸಿದ ಜಾಗದಲ್ಲಿ ಅಲ್ಲ. ಅಂಟು ಗಟ್ಟಿಯಾಗಿಯೇ ಇತ್ತು. ಸೀಳಿದ್ದು ನಡುವಿನ ಹಲಗೆ, ಅಮ್ಮನ ಗೆರೆಗಳಿದ್ದ ಹಲಗೆ. ಫೋನಿನಲ್ಲಿ ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಒಲೆಗೆ ಹಾಕಿದ್ದರೂ ಇಷ್ಟು ಬೇಜಾರಾಗುತ್ತಿರಲಿಲ್ಲ' ಎಂದ. ಮೇಜನ್ನು ಬಿಚ್ಚಿ, ಹಲಗೆಗಳನ್ನು ಹಳೆ ಸೀರೆಯಲ್ಲಿ ಸುತ್ತಿ ಮಂಚದ ಹಿಂದೆ ನಿಲ್ಲಿಸಿದೆ. ಮರಗೆಲಸದ ಹುಚ್ಚು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಆ ವರ್ಷ ಮೇ ತಿಂಗಳಲ್ಲಿ ಒಂದು ಮದುವೆಗೆ ಊರಿಗೆ ಹೋದಾಗ, ನಮ್ಮ ಮನೆಗೆ ಹಿಂದೆ ಬಾಗಿಲು ಕಿಟಕಿ ಮಾಡಿಕೊಟ್ಟಿದ್ದ ಹಿರಿಯ ಆಚಾರ್ರು ಸಿಕ್ಕಿದರು. ಎಂಬತ್ತರ ಹತ್ತಿರದ ವಯಸ್ಸು. ನನ್ನ ಕತೆಯನ್ನೆಲ್ಲ ಕೇಳಿ ಅವರು ಕೇಳಿದ್ದು ಎರಡೇ ಪ್ರಶ್ನೆ. 'ಯಾವ ತಿಂಗಳಲ್ಲಿ ಮಾಡಿದ್ದು?' 'ಅಡ್ಡಪಟ್ಟಿಗೆ ಅಂಟು ಹಾಕಿದಿರೋ?'

'ಆಟಿಯಲ್ಲಿ ಮಾಡಿದ್ದು ಆಚಾರ್ರೇ, ಅಂಟೂ ಹಾಕಿದ್ದೇನೆ' ಎಂದೆ.

'ಮತ್ತೆ ಒಡೆಯದೆ ಇನ್ನೇನು ಮಾಡಬೇಕು ಮಾರಾಯ್ರೇ ಅದು? ನೀವು ಅದನ್ನು ಕಟ್ಟಿಹಾಕಿದಿರಿ. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬಿಸಿಲಿಗೆ ಸೊರಗುತ್ತದೆ. ಅದಕ್ಕೆ ಸ್ವಲ್ಪ ಜಾಗ ಬಿಡಬೇಕು.'

'ಅರುವತ್ತು ವರ್ಷ ಒಣಗಿದ ಮರವಲ್ಲವೇ?' ಎಂದು ನಾನು ವಾದಿಸಿದೆ.

'ನೂರು ವರ್ಷ ಆಗಲಿ. ಆ ಪತ್ತಾಯ ಹೇಗೆ ಕೂತಿತ್ತು, ಬಿಚ್ಚುವಾಗ ನೀವೇ ನೋಡಿದ್ದೀರಲ್ಲ!'

ನನಗೆ ಆಗ ಹೊಳೆಯಿತು. ಕಂಬದ ಕಾಲುವೆಯಲ್ಲಿ ಹಲಗೆಗಳನ್ನು ಸಡಿಲ ಬಿಟ್ಟದ್ದು ಮೊಳೆಗೆ ದುಡ್ಡಿಲ್ಲದೆ ಅಲ್ಲ. ಹಲಗೆ ಉಬ್ಬಲಿ, ಕುಗ್ಗಲಿ, ಪೆಟ್ಟಿಗೆ ಒಡೆಯದಿರಲಿ ಎಂದು. ನಮ್ಮೂರ ಮಳೆಯಲ್ಲಿ ಒಂದೂ ಸೀಳದೆ ಉಳಿದ ಹಲಗೆಯನ್ನು ನಾನು ಐದು ತಿಂಗಳಲ್ಲಿ ಸೀಳಿದ್ದೆ.

ಕೇಳುಗರೇ, ಮರಗೆಲಸದಲ್ಲಿ ಕೈಹಾಕುವವರು ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ್ದು ಇದನ್ನೇ. ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಹೀರಿದಾಗ ಅಗಲವಾಗುತ್ತದೆ, ಬಿಟ್ಟಾಗ ಕಿರಿದಾಗುತ್ತದೆ. ನಾರಿನ ಉದ್ದಕ್ಕೆ ಈ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ. ಆದರೆ ನಾರಿಗೆ ಅಡ್ಡವಾಗಿ, ಅಂದರೆ ಹಲಗೆಯ ಅಗಲದಲ್ಲಿ, ಕಣ್ಣಿಗೆ ಕಾಣುವಷ್ಟು ಇರುತ್ತದೆ. ನನ್ನ ಮೇಜಿನ ಅಗಲ 22 ಇಂಚು. ಈಗ ನಾನು ವರ್ಷಕ್ಕೆ ಎರಡು ಸಲ ಅಳೆಯುತ್ತೇನೆ. ಆಗಸ್ಟಿಗೂ ಫೆಬ್ರವರಿಗೂ ಸುಮಾರು ಒಂದೂವರೆ ಸೂತು ವ್ಯತ್ಯಾಸ ಬರುತ್ತದೆ. ಸೂತು ಎಂದರೆ ಬಡಗಿಗಳ ಲೆಕ್ಕದಲ್ಲಿ ಇಂಚಿನ ಎಂಟನೇ ಒಂದು ಭಾಗ. ಅಡ್ಡಪಟ್ಟಿಯ ನಾರು ಮೇಜಿನ ಅಗಲದ ದಿಕ್ಕಿನಲ್ಲಿ ಇರುವುದರಿಂದ ಅದು ಕುಗ್ಗುವುದಿಲ್ಲ. ಹಲಗೆ ಕುಗ್ಗಬೇಕೆನ್ನುತ್ತದೆ, ಪಟ್ಟಿ ಬಿಡುವುದಿಲ್ಲ. ಎಳೆದಾಟದಲ್ಲಿ ಹಲಗೆಯೇ ಸೀಳುತ್ತದೆ. ಮಳೆಗಾಲದಲ್ಲಿ ಉಬ್ಬಿದ ಹಲಗೆಯನ್ನು ಕಟ್ಟಿಹಾಕಿದ್ದರಿಂದ ಚಳಿಗಾಲದ ಒಣಹವೆಗೆ ನನ್ನ ಮೇಜು ಒಡೆಯಿತು. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಮಾರ್ಚ್ ತಿಂಗಳಲ್ಲಿ ಸರಿಯಾಗಿ ಕೂತ ಡ್ರಾಯರು ಜುಲೈಯಲ್ಲಿ ಎಳೆದರೂ ಬರುವುದಿಲ್ಲ. ಬೇಸಿಗೆಯಲ್ಲಿ ಡ್ರಾಯರು ಮಾಡುವವರು ಅರ್ಧ ಸೂತು ಸಡಿಲ ಬಿಡಿ.

ಹಾಗಾದರೆ ಹಲಗೆಯನ್ನು ಹಿಡಿದಿಡುವುದು ಹೇಗೆ? ಬಹಳ ಸುಲಭ. ಅಡ್ಡಪಟ್ಟಿಗೆ ಅಂಟು ಹಾಕಬೇಡಿ. ನಡುವಿನ ಒಂದು ಸ್ಕ್ರೂವನ್ನು ಮಾತ್ರ ಬಿಗಿಯಾಗಿ ಕೂರಿಸಿ. ಎರಡು ತುದಿಯ ಸ್ಕ್ರೂಗಳಿಗೆ ಪಟ್ಟಿಯಲ್ಲಿ ದುಂಡನೆಯ ತೂತಿನ ಬದಲು ಉದ್ದುದ್ದ ತೂತು ಕೊರೆಯಿರಿ. ಸ್ಕ್ರೂ ಅದರೊಳಗೆ ಸ್ವಲ್ಪ ಆಚೀಚೆ ಸರಿಯಲಿ. ಮೇಜಿಗೆ ಕಾಲಿನ ಚೌಕಟ್ಟು ಇದ್ದರೆ, ಚೌಕಟ್ಟಿನ ಒಳಬದಿಯಲ್ಲಿ ಸಣ್ಣ ಗಾಡಿ ಕೊರೆದು, ನಾಲಗೆಯಂಥ ಚಿಕ್ಕ ಮರದ ತುಂಡುಗಳನ್ನು ಅದಕ್ಕೆ ಸಿಕ್ಕಿಸಿ, ಆ ತುಂಡನ್ನು ಮೇಲ್ಹಲಗೆಗೆ ಸ್ಕ್ರೂ ಮಾಡಬೇಕು. ಹಲಗೆ ಮೇಲಕ್ಕೆ ಏಳುವುದಿಲ್ಲ, ಆದರೆ ಅಗಲಕ್ಕೆ ಹಿಗ್ಗಲು ಕುಗ್ಗಲು ಅಡ್ಡಿಯಿಲ್ಲ. ಪ್ಲೈವುಡ್ಡಿಗೆ ಈ ತಾಪತ್ರಯ ಇಲ್ಲ. ಅದರಲ್ಲಿ ತೆಳು ಪದರಗಳನ್ನು ಒಂದರ ನಾರು ಉದ್ದಕ್ಕೆ, ಇನ್ನೊಂದರ ನಾರು ಅಡ್ಡಕ್ಕೆ ಇಟ್ಟು ಅಂಟಿಸಿರುವುದರಿಂದ ಒಂದನ್ನೊಂದು ಹಿಡಿದುಕೊಂಡಿರುತ್ತವೆ.

ಇನ್ನು ಮೊದಲಿಗೆ ಏನು ಮಾಡಬೇಕು ಎಂಬ ಪ್ರಶ್ನೆ. ನನ್ನ ಹಾಗೆ ಮೇಜಿನಿಂದ ಆರಂಭಿಸಬೇಡಿ. ಮಣೆಯಿಂದ ಆರಂಭಿಸಿ. ಊಟಕ್ಕೆ, ಪೂಜೆಗೆ ಕೂರುವ ನಮ್ಮ ಸಾಧಾರಣ ಮಣೆ. ಒಂದಿಂಚು ದಪ್ಪದ ಹಲಗೆ, 16 ಇಂಚು ಉದ್ದ, 10 ಇಂಚು ಅಗಲ, ಕೆಳಗೆ ಒಂದೂವರೆ ಇಂಚಿನ ಎರಡು ಅಡ್ಡಪಟ್ಟಿ. ಇಷ್ಟರಲ್ಲಿ ಅಳೆಯುವುದು, ಗೆರೆ ಹಾಕುವುದು, ಕೊಯ್ಯುವುದು, ಕೀಸುವುದು, ಉದ್ದ ತೂತಿನ ಸ್ಕ್ರೂ, ಪಾಲಿಶು, ಎಲ್ಲ ಪಾಠವೂ ಇದೆ. ಕೆಟ್ಟರೆ ನಷ್ಟ ಸ್ವಲ್ಪ. ಚೆನ್ನಾಗಿ ಬಂದರೆ ಮನೆಯವರು ಕೂತು ಉಂಡಾರು. ನನ್ನ ಮೊದಲ ಮಣೆ ಮೂರು ಕಾಲಿನ ಕುದುರೆಯ ಹಾಗೆ ಕುಣಿಯುತ್ತಿತ್ತು. ಎರಡನೆಯದರಲ್ಲಿ ಮೊಮ್ಮಗಳು ಈಗಲೂ ಕೂರುತ್ತಾಳೆ.

ಹತ್ಯಾರುಗಳ ವಿಷಯ. ಅಂಗಡಿಗೆ ಹೋದರೆ ಎಲ್ಲವೂ ಬೇಕು ಅನ್ನಿಸುತ್ತದೆ. ಅಳೆದೂ ಸುರಿದೂ ನಾನು ಉಳಿಸಿಕೊಂಡದ್ದು ಇಷ್ಟು: ಅಳತೆಯ ಟೇಪು, ಮೂಲೆಮಟ್ಟ (ಮುಂಬಯಿ ಬಜಾರಿನಲ್ಲಿ ಗುಣಿಯಾ ಎಂದು ಕೇಳಿ), ಒಂದು ಕೈಗರಗಸ, ಕಾಲಿಂಚಿನದೊಂದು ಮುಕ್ಕಾಲಿಂಚಿನದೊಂದು ಉಳಿ, ಒಂದು ಕೀಸುಳಿ (ಇಲ್ಲಿಯವರು ರಂಧಾ ಎನ್ನುತ್ತಾರೆ), ಮರದ ಕೊಡತಿ, ಒಂದು ಡ್ರಿಲ್ಲು, ನಾಲ್ಕು ಕ್ಲ್ಯಾಂಪು, ಒಂದು ಸಾಣೆಕಲ್ಲು. ಸಾಣೆಕಲ್ಲನ್ನು ಕೊನೆಗೆ ಹೇಳಿದೆ, ಆದರೆ ಅದು ಮೊದಲು ಬೇಕಾದದ್ದು. ಹೊಸ ಉಳಿಯನ್ನೂ ಮಸೆದೇ ಬಳಸಬೇಕು. ಮೊಂಡು ಉಳಿಗೆ ಹೆಚ್ಚು ಒತ್ತಬೇಕಾಗುತ್ತದೆ, ಹೆಚ್ಚು ಒತ್ತಿದಾಗಲೇ ಅದು ಜಾರುವುದು. ನನ್ನ ಎಡಗೈ ಹೆಬ್ಬೆರಳ ಬುಡದಲ್ಲಿ ಮೂರು ಹೊಲಿಗೆಯ ಗುರುತಿದೆ. ಅಂದಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ. ಮರವನ್ನು ಹಿಡಿಯುವುದು ಕ್ಲ್ಯಾಂಪಿನ ಕೆಲಸ. ನನ್ನ ಎರಡೂ ಕೈಗಳು ಯಾವಾಗಲೂ ಉಳಿಯ ಬಾಯಿಯ ಹಿಂದೆ ಇರಬೇಕು.

ಮುಂಬಯಿಯವರಿಗೆ ಹತ್ಯಾರಿಗೆ ನಾಗದೇವಿ ಸ್ಟ್ರೀಟ್, ಮರಕ್ಕೆ ರೇ ರೋಡಿನ ಟಿಂಬರ್ ಅಂಗಡಿಗಳು, ಹಳೆಯ ಪೀಠೋಪಕರಣ ನೋಡಿ ಕಲಿಯಲು ಚೋರ್ ಬಜಾರಿನ ಮಟನ್ ಸ್ಟ್ರೀಟ್ ಇವೆ. ಪುಣೆಯವರಿಗೆ ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್, ದೆಹಲಿಯವರಿಗೆ ಕೀರ್ತಿನಗರ ಗೊತ್ತೇ ಇದೆ. ಮರದಂಗಡಿಯಲ್ಲಿ ದರ ಹೇಳುವುದು ಘನ ಅಡಿಗೆ. ಲೆಕ್ಕ ಗೊತ್ತಿಲ್ಲದಿದ್ದರೆ ತಬ್ಬಿಬ್ಬಾಗುತ್ತದೆ. ಅಗಲವನ್ನೂ ದಪ್ಪವನ್ನೂ ಇಂಚಿನಲ್ಲಿ, ಉದ್ದವನ್ನು ಅಡಿಯಲ್ಲಿ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಬರುತ್ತದೆ. ಮೂರಿಂಚು ಅಗಲ, ಎರಡಿಂಚು ದಪ್ಪ, ಏಳಡಿ ಉದ್ದದ ತುಂಡಿಗೆ 42. ಅದನ್ನು 144ರಿಂದ ಭಾಗಿಸಿದರೆ 0.29 ಘನ ಅಡಿ. ಕೀಸಿದ ಮೇಲೆ ದಪ್ಪ ಕಡಿಮೆಯಾಗುತ್ತದೆ, ಅದನ್ನೂ ಸೇರಿಸಿಕೊಂಡು ಕೊಳ್ಳಿ. ಹಸಿ ಮರವನ್ನು ಎಷ್ಟು ಅಗ್ಗವಾದರೂ ತರಬೇಡಿ. ತಂದ ಮರವನ್ನು ಕೂಡಲೇ ಕೊಯ್ಯಬೇಡಿ. ಎರಡು ಮೂರು ವಾರ ಮನೆಯೊಳಗೆ, ಹಲಗೆಗಳ ನಡುವೆ ಸಣ್ಣ ರೀಪು ಇಟ್ಟು ಗಾಳಿಯಾಡುವಂತೆ ಪೇರಿಸಿಡಿ. ಅದು ನಿಮ್ಮ ಮನೆಯ ಹವೆಗೆ ಹೊಂದಿಕೊಳ್ಳಲಿ.

ಯಾವ ಮರ? ತೇಗ ರಾಜ, ಅನುಮಾನವಿಲ್ಲ. ಉಬ್ಬುವುದು ಕುಗ್ಗುವುದು ಕಡಿಮೆ, ಹುಳು ಮುಟ್ಟುವುದು ಕಡಿಮೆ. ಆದರೆ ಕಲಿಯುವ ಕೈಗೆ ತೇಗ ದುಬಾರಿ. ರಬ್ಬರ್ ಮರದ ಹಲಗೆಗಳು ಈಗ ಎಲ್ಲ ನಗರಗಳಲ್ಲೂ ಸಿಗುತ್ತವೆ. ಕೇರಳದಲ್ಲೂ ನಮ್ಮ ಸುಳ್ಯ, ಪುತ್ತೂರು ಕಡೆಯಲ್ಲೂ ಇಪ್ಪತ್ತೈದು ಮೂವತ್ತು ವರ್ಷ ಹಾಲು ಕೊಟ್ಟು ಮುಗಿದ ರಬ್ಬರ್ ಮರಗಳನ್ನು ಹೇಗೂ ಕಡಿಯಬೇಕು. ಹಿಂದೆ ಸೌದೆಗೆ ಹೋಗುತ್ತಿದ್ದ ಮರ ಅದು. ಈಗ ಬೋರಾನ್ ಲವಣದಲ್ಲಿ ಸಂಸ್ಕರಿಸಿ, ಒಣಗಿಸಿ, ತುಂಡುಗಳನ್ನು ಬೆರಳು ಹೆಣೆದಂತೆ ಸೇರಿಸಿ ಹಲಗೆ ಮಾಡುತ್ತಾರೆ. ಮನೆಯೊಳಗಿನ ವಸ್ತುಗಳಿಗೆ ಚೆನ್ನಾಗಿರುತ್ತದೆ. ನೀರು ಬೀಳುವ ಬಾಲ್ಕನಿಗೆ ಬೇಡ.

ಇನ್ನೊಂದು ಅಗ್ಗದ ಮೂಲ ಬಂದರಿನಿಂದ ಬರುವ ಪೈನ್ ಪೆಟ್ಟಿಗೆ, ಪ್ಯಾಲೆಟ್ಟು. ಇದರಲ್ಲಿ ಒಂದು ಎಚ್ಚರ ಬೇಕು. ದೇಶದಿಂದ ದೇಶಕ್ಕೆ ಹೋಗುವ ಮರದ ಪ್ಯಾಕಿಂಗಿಗೆ ಐ.ಎಸ್.ಪಿ.ಎಂ. 15 ಎಂಬ ಅಂತರರಾಷ್ಟ್ರೀಯ ನಿಯಮವಿದೆ. ಹಲಗೆಯ ಮೇಲೆ ಗೋಧಿ ತೆನೆಯ ಚಿತ್ರದ ಮುದ್ರೆ ಇರುತ್ತದೆ. ಅದರ ಪಕ್ಕ ಎಚ್.ಟಿ. ಎಂದಿದ್ದರೆ ಮರದ ಒಳತಿರುಳಿಗೂ 56 ಡಿಗ್ರಿ ಶಾಖ 30 ನಿಮಿಷ ತಲುಪುವಂತೆ ಕಾಯಿಸಿದ್ದು ಎಂದರ್ಥ. ಅದು ಆಗಬಹುದು. ಎಂ.ಬಿ. ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು. ಮನೆಗೆ ತರಬೇಡಿ. ಮುದ್ರೆಯೇ ಇಲ್ಲದ, ಎಣ್ಣೆಯೋ ರಾಸಾಯನಿಕವೋ ಚೆಲ್ಲಿದ ಕಲೆ ಇರುವ ಹಲಗೆಯೂ ಬೇಡ.

ಪ್ಲೈವುಡ್ಡು ಕೊಳ್ಳುವವರಿಗೆ ಎರಡೇ ಮಾತು. ಪೂರ್ಣ ಹಾಳೆ ಎಂಟಡಿಗೆ ನಾಲ್ಕಡಿ, ಅಂದರೆ 32 ಚದರ ಅಡಿ. ಮೊದಲು ಕಾಗದದ ಮೇಲೆ ಅದರ ಚಿತ್ರ ಬರೆದು ಯಾವ ತುಂಡು ಎಲ್ಲಿ ಬರುತ್ತದೆ ಎಂದು ಗುರುತು ಮಾಡಿ. ಗರಗಸ ತಿನ್ನುವ ಒಂದು ಸೂತನ್ನು ಪ್ರತಿ ಕೊಯ್ತಕ್ಕೂ ಬಿಡಿ. ಆ ಚಿತ್ರ ಕೊಟ್ಟರೆ ದೊಡ್ಡ ಅಂಗಡಿಗಳಲ್ಲಿ ಯಂತ್ರದಲ್ಲೇ ನೇರವಾಗಿ ಕೊಯ್ದು ಕೊಡುತ್ತಾರೆ. ಮನೆಯಲ್ಲಿ ಸುತ್ತುಗರಗಸ ತಂದು ಬೆರಳು ಕಳೆದುಕೊಳ್ಳುವ ಅಗತ್ಯವಿಲ್ಲ. ಪುಸ್ತಕದ ಕಪಾಟಾದರೆ 18 ಮಿಲಿಮೀಟರು ದಪ್ಪದ ಹಲಗೆಯನ್ನೂ ಎರಡೂವರೆ ಅಡಿಗಿಂತ ಉದ್ದಕ್ಕೆ ಆಧಾರವಿಲ್ಲದೆ ಬಿಡಬೇಡಿ. ಪುಸ್ತಕದ ಭಾರಕ್ಕೆ ವರ್ಷದಲ್ಲಿ ಜೋತುಬೀಳುತ್ತದೆ. ಎತ್ತರದ ಕಪಾಟನ್ನು ಗೋಡೆಗೆ ಬಿಗಿಯಲೇಬೇಕು. ಮಕ್ಕಳಿರುವ ಮನೆಯಲ್ಲಂತೂ ಇದನ್ನು ಮರೆಯಬಾರದು. ಅವರಿಗೆ ಕಪಾಟೂ ಒಂದು ಏಣಿಯೇ.

ಹೊಸದನ್ನೇ ಮಾಡಬೇಕೆಂದಿಲ್ಲ. ಇದ್ದದ್ದನ್ನು ನಮಗೆ ಬೇಕಾದಂತೆ ತಿದ್ದಿಕೊಳ್ಳುವುದೂ ದೊಡ್ಡ ಸಂತೋಷ. ಅಂಗಡಿಯ ಕುರ್ಚಿ ಯಾರ ಅಳತೆಗೂ ಮಾಡಿದ್ದಲ್ಲ. ನನ್ನ ಹೆಂಡತಿಗೆ ಮಂಡಿನೋವು. ಮನೆಯಲ್ಲಿದ್ದ ಕುರ್ಚಿ 16 ಇಂಚು ಎತ್ತರ. ಏಳುವಾಗ ಪ್ರತಿ ಸಲವೂ 'ಅಮ್ಮಾ' ಎನ್ನುತ್ತಿದ್ದಳು. ನೆಲದಿಂದ ಮೊಣಕಾಲಿನ ಹಿಂಭಾಗಕ್ಕೆ ಅಳೆದು ನೋಡಿದೆ. ಅದಕ್ಕಿಂತ ಒಂದಿಂಚು ಎತ್ತರವಾಗುವಂತೆ ಕಾಲುಗಳ ಕೆಳಗೆ ಅಡಿಪಟ್ಟಿ ಜೋಡಿಸಿ, ಎರಡು ಬದಿಗೆ ಕೈ ಊರುವ ಹಿಡಿ ಕೂರಿಸಿದೆ. ಬಿಡಿ ಬಿಡಿ ತುಂಡುಗಳನ್ನು ಕಾಲಿಗೆ ಅಂಟಿಸಿದರೆ ಕಳಚಿ ಬೀಳುವ ಅಪಾಯವಿದೆ. ಅದಕ್ಕೇ ಮುಂಗಾಲು ಹಿಂಗಾಲುಗಳನ್ನು ಸೇರಿಸುವ ಉದ್ದ ಪಟ್ಟಿ ಹಾಕಿ, ಕೆಳಗಿನಿಂದ ಸ್ಕ್ರೂ ಬಿಗಿದೆ. ಆ ಕುರ್ಚಿಯೇ ಮರಗೆಲಸಕ್ಕೆ ನನಗೆ ಮನೆಯಲ್ಲಿ ಸಿಕ್ಕ ಪರವಾನಗಿ.

ಹಳೆಯ ಮರ ಬಳಸುವವರು ಮೂರು ಸಂಗತಿ ನೋಡಬೇಕು. ಒಂದು, ಒಳಗೆ ಅಡಗಿದ ಮೊಳೆ. ಒಂದು ಅಯಸ್ಕಾಂತವನ್ನು ಹಲಗೆಯ ಮೇಲೆ ಆಡಿಸಿ. ಇಲ್ಲದಿದ್ದರೆ ಕೀಸುಳಿಯ ಅಲಗು ಹೋಗುತ್ತದೆ. ಎರಡು, ಹುಳು. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳು ಇನ್ನೂ ಬದುಕಿದೆ ಎಂದು ತಿಳಿಯಿರಿ. ಮದ್ದು ಹಾಕದೆ ಒಳಗೆ ತರಬೇಡಿ. ಮೂರು, ಹಳೆಯ ಬಣ್ಣ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು. ಅದನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಿದರೆ ಮಕ್ಕಳ ಮೈಗೆ ಸೇರುತ್ತದೆ. ಒದ್ದೆ ಮಾಡಿ ಉಜ್ಜಿ, ಮೂಗಿಗೆ ಮಾಸ್ಕು ಹಾಕಿ, ಮಕ್ಕಳನ್ನು ದೂರವಿಡಿ.

ಪಾಲಿಶಿಗೆ ನಾನು ಅಗಸೆ ಎಣ್ಣೆ ಬಳಸುತ್ತೇನೆ. ಹಲಸಿನ ಹಳದಿ ಮೈ ಕಾಲ ಕಳೆದಂತೆ ಕಂದು ತಿರುಗುತ್ತದೆ. ಎಣ್ಣೆ ಬಿದ್ದರೆ ಜೇನಿನ ಬಣ್ಣ. ಆದರೆ ದಯವಿಟ್ಟು ಗಮನಿಸಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಗಾಳಿಯೊಡನೆ ಸೇರಿ ಒಣಗುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಆ ಶಾಖ ಹೊರಹೋಗದೆ, ಕಡ್ಡಿ ಗೀರದೆಯೇ ಬೆಂಕಿ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಬಿಡಿಸಿ, ತಂತಿಯ ಮೇಲೆ ಒಂದೊಂದಾಗಿ ಹರವಿ ಒಣಗಿಸಿ, ಅಥವಾ ನೀರಿನಲ್ಲಿ ಮುಳುಗಿಸಿಡಿ. ಫ್ಲ್ಯಾಟಿನಲ್ಲಿ ಇರುವವರು ಇದನ್ನು ಎಂದಿಗೂ ಮರೆಯಬಾರದು.

ಫ್ಲ್ಯಾಟು ಎಂದಾಗ ನೆರೆಹೊರೆಯ ಮಾತೂ ಬರುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕು ನಮ್ಮ ಕಟ್ಟಡದಲ್ಲಿ ಸದ್ದು ಮಾಡುವಂತಿಲ್ಲ. ಆ ಹೊತ್ತಿನಲ್ಲಿ ನಾನು ಉಳಿ ಮಸೆಯುತ್ತೇನೆ, ಅಳತೆ ಬರೆಯುತ್ತೇನೆ, ಅಂಟು ಹಾಕುತ್ತೇನೆ. ಕೆಳಗಿನ ಮನೆಯ ತಮಿಳು ಅಜ್ಜಿಗೆ ಮೊದಲು ನನ್ನ ಮೇಲೆ ಸಿಟ್ಟಿತ್ತು. ಅವರ ದೇವರ ಮಂಟಪದ ಮುರಿದ ಕಾಲು ಸರಿಮಾಡಿಕೊಟ್ಟ ಮೇಲೆ ಸದ್ದು ಅವರಿಗೆ ಕೇಳಿಸುತ್ತಿಲ್ಲ.

ಈಗ ಮೇಜಿನ ಕತೆ ಮುಗಿಸುತ್ತೇನೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಮಗ ಮನೆಯಿಂದ ಕೆಲಸ ಮಾಡಬೇಕು, ಮೊಮ್ಮಗಳಿಗೆ ಫೋನಿನಲ್ಲಿ ಪಾಠ. ಮನೆಯಲ್ಲಿ ಒಂದು ಮೇಜಿಲ್ಲ. ಇಸ್ತ್ರಿ ಹಾಕುವ ಹಲಗೆಯ ಮೇಲೆ ಮಗನ ಲ್ಯಾಪ್‌ಟಾಪು. ಹೆಂಡತಿಯೇ ಮಂಚದ ಹಿಂದಿನ ಸೀರೆಯ ಗಂಟನ್ನು ತೋರಿಸಿ, 'ಇನ್ನು ಎಷ್ಟು ದಿನ ಅದನ್ನು ಹೀಗೆ ಮಲಗಿಸಿಡುತ್ತೀರಿ?' ಎಂದಳು.

ಸೀಳಿನ ಉದ್ದಕ್ಕೂ ಗರಗಸ ಹಾಯಿಸಿ ಹಲಗೆಯನ್ನು ಎರಡು ಮಾಡಿದೆ. ಆ ಗರಗಸ ಹಾಯಿಸುವಾಗ ಕೈ ನಡುಗಿತು ಎಂದು ಹೇಳಲು ನನಗೆ ನಾಚಿಕೆಯಿಲ್ಲ. ಎರಡೂ ಅಂಚುಗಳನ್ನು ಕೀಸಿ, ಬೆಳಕಿಗೆ ಹಿಡಿದರೆ ನಡುವೆ ಬೆಳಕು ತೂರದಂತೆ ಕೂಡಿಸಿ, ಅಂಟಿಸಿ, ಕ್ಲ್ಯಾಂಪಿನಲ್ಲಿ ಒಂದು ದಿನ ಬಿಟ್ಟೆ. ಕೀಸುವಾಗ ಅಮ್ಮನ ಒಂದು ಗೆರೆ ಹೋಯಿತು. ಉಳಿಸಲು ದಾರಿ ಇರಲಿಲ್ಲ, ಸೀಳು ಅದರ ಮೇಲೆಯೇ ಹಾದಿತ್ತು. ಕಾಲುಗಳಿಗೆ ಪತ್ತಾಯದ ಕಂಬದ ತುಂಡುಗಳನ್ನೇ ಬಳಸಿದೆ. ಕಾಲಿನಲ್ಲಿ ಚೌಕ ತೂತು, ಚೌಕಟ್ಟಿನ ತುದಿಯಲ್ಲಿ ಅದಕ್ಕೆ ಕೂರುವ ನಾಲಗೆ, ಅಡ್ಡಲಾಗಿ ಮರದ ಬೆಣೆ. ಎಂಟು ತೂತುಗಳಿಗೆ ಒಂಬತ್ತು ದಿನ ಹಿಡಿಯಿತು. ಮೇಲ್ಹಲಗೆಯನ್ನು ಚಿಕ್ಕ ಮರದ ನಾಲಗೆಗಳಿಂದ ಸಡಿಲವಾಗಿ ಹಿಡಿಸಿದೆ. ಎತ್ತರ 29 ಇಂಚು. ಮೊಮ್ಮಗಳು ಆಗ ಚಿಕ್ಕವಳು, ಅವಳ ಕಾಲಿಗೆ ಕೆಳಗೊಂದು ಮಣೆ.

ಅದಾದ ಮೇಲೆ ಎಷ್ಟೋ ಮಳೆಗಾಲ ಬಂದುಹೋದವು. ಪ್ರತಿ ಜನವರಿಯಲ್ಲೂ ರಾತ್ರಿ ನನಗೆ ಸ್ವಲ್ಪ ಎಚ್ಚರವಾಗುತ್ತದೆ. ಮೇಜು ಸದ್ದು ಮಾಡಿಲ್ಲ.

2022ರಲ್ಲಿ ಅಣ್ಣ ಕಣ್ಣಿನ ಚಿಕಿತ್ಸೆಗೆಂದು ಮುಂಬಯಿಗೆ ಬಂದಿದ್ದ. ಬಂದವನು ಮೇಜನ್ನು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಎರಡು ದಿನ ಅದರ ಮೇಲೆ ಕಾಫಿ ಕುಡಿದ. ಮೂರನೆಯ ದಿನ ಬೆಳಿಗ್ಗೆ ನೋಡುತ್ತೇನೆ, ನೆಲದಲ್ಲಿ ಚಾಪೆ ಹಾಕಿ ಮೇಜಿನ ಕೆಳಗೆ ಮಲಗಿದ್ದಾನೆ. ಪಕ್ಕದಲ್ಲಿ ಮೊಮ್ಮಗಳು ಟಾರ್ಚು ಹಿಡಿದಿದ್ದಾಳೆ. ಇಬ್ಬರೂ ಸೇರಿ ಗೆರೆ ಎಣಿಸುತ್ತಿದ್ದರು. 'ಮೂವತ್ತು' ಎಂದಳು ಅವಳು. 'ಮೂವತ್ತೊಂದು ಇರಬೇಕಲ್ಲ?' ಎಂದು ಅಣ್ಣ ನನ್ನ ಮುಖ ನೋಡಿದ. 'ಒಂದು ನನ್ನ ಕೈಯಲ್ಲಿ ಹೋಯಿತು ಅಣ್ಣ' ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಒಂದು ಮುಡಿ ಇಲಿ ತಿಂದಿತೂಂತ ಬರಿ' ಎಂದ. ನಮ್ಮಿಬ್ಬರ ನಡುವಿನ ಮೂರು ವರ್ಷದ ಬಿಗುಮಾನ ಅಲ್ಲಿಗೆ ಸಡಿಲಾಯಿತು.

ಇಷ್ಟು ಹೇಳಿದ ಮೇಲೆ ಒಂದು ಕಿವಿಮಾತು. ಊರಿನ ಹಳೆಯ ವಸ್ತುಗಳನ್ನೆಲ್ಲ ಬಿಚ್ಚಿ ಮೇಜು ಮಾಡಿ ಎಂದು ನಾನು ಹೇಳುತ್ತಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಕಟ್ಟುವಾಗ ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಇದ್ದ ಹಾಗೆಯೇ ನಿಲ್ಲಿಸಿದರು. ಇಡಿಯಾಗಿ ಉಳಿಸಲು ಸಾಧ್ಯವಿದ್ದರೆ ಅದೇ ಮೇಲು. ಬಿಚ್ಚಲೇಬೇಕಾದರೆ, ಅದನ್ನು ಕಟ್ಟಿದವರು ಹೇಗೆ ಕಟ್ಟಿದರು, ಯಾಕೆ ಹಾಗೆ ಕಟ್ಟಿದರು ಎಂದು ನೋಡಿ, ಒಂದು ಚಿತ್ರ ಬರೆದಿಟ್ಟುಕೊಂಡು ಆಮೇಲೆ ಬಿಚ್ಚಿ. ನನ್ನ ಹಾಗೆ ನಗಬೇಡಿ.

ಈ ಭಾನುವಾರ ಹತ್ತಿರದ ಮರದಂಗಡಿಗೆ ಹೋಗಿ ಒಂದಿಂಚು ದಪ್ಪದ ಒಂದು ಹಲಗೆ ತನ್ನಿ. ಎರಡು ವಾರ ಮನೆಯಲ್ಲಿ ಇಡಿ. ಆಮೇಲೆ ಒಂದು ಮಣೆ ಮಾಡಿ. ಅದು ಕುಣಿದರೆ ಬೇಸರಪಡಬೇಡಿ, ಎತ್ತರವಾದ ಕಾಲನ್ನು ಸ್ವಲ್ಪ ಕೀಸಿದರಾಯಿತು. ಅಡ್ಡಪಟ್ಟಿಗೆ ಮಾತ್ರ ಅಂಟು ಹಾಕಬೇಡಿ.